ಹಳೆ ಮೊಬೈಲು ಗುಜರಿಗೆ ಹಾಕುವ ಮೊದಲು

ಪುತ್ತೂರು, ಸುಳ್ಯ, ಕಡಬ ಕಡೆ ಯಾವ ಕೃಷಿಕರ ಮನೆಗೆ ಹೋದರೂ ಮೇಜಿನ ಡ್ರಾಯರಿನಲ್ಲಿ ಒಂದೆರಡು ಹಳೆ ಸ್ಮಾರ್ಟ್‌ಫೋನು ಸಿಕ್ಕೀತು. ಗಾಜು ಒಡೆದದ್ದು, ಚಾರ್ಜು ನಿಲ್ಲದ್ದು. 2011-12ರ ಹೊತ್ತಿಗೆ ತೆಗೆದುಕೊಂಡದ್ದು. ಹೊಸತು ಬಂತು, ಹಳತು ಮೂಲೆ ಸೇರಿತು. ಒಳಗೆ ಏನುಂಟು ಅಂತ ನೋಡಿದವರು ಕಡಿಮೆ.

ನನ್ನ ಲೆಕ್ಕದಲ್ಲಿ ಅದು ಗುಜರಿ ಅಲ್ಲ, ಜಾಗದ ದಾಖಲೆ. ಅಂದು ಕುಸಿದ ಬರೆ, ನೆಟ್ಟ ಕಸಿ ಗಿಡ, ರೋಗ ಬರುವ ಮೊದಲಿನ ತೋಟ, ಇವುಗಳ ಪಟ ಬೇರೆಲ್ಲೂ ಇಲ್ಲ. ನಮ್ಮದು ನೀರಿಲ್ಲದ ಗುಡ್ಡೆ ಜಾಗ. ಗೇರು, ಹಲಸು, ಕಾಟುಮಾವು. ಮಳೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥಲ್ಲಿ ಯಾವ ಮರ ಯಾವ ವರ್ಷ ಹೇಗೆ ಕಾಯಿ ಬಿಟ್ಟಿತು ಎಂಬ ನೆನಪೇ ಅರ್ಧ ಬಂಡವಾಳ.

ನಮ್ಮ ಆಚೆ ಮನೆಯವರಿಗೆ ಹಲಸಿನ ಹುಚ್ಚು. ಎಲ್ಲಿ ಒಳ್ಳೆ ಮರ ಉಂಟೆಂದು ಕೇಳಿದರೂ ಹೋಗಿ ಹಣ್ಣು ಕೊಯ್ದು, ಸೊಳೆಯ ಪಟ, ಮರದ ಪಟ, ಮನೆಯ ದಾರಿಯ ಪಟ ಎಲ್ಲ ತೆಗೆಯುವರು. ಆರು ವರ್ಷ ಹೀಗೆ ಮಾಡಿದರು. ಒಂದು ಮಳೆಗಾಲ ಫೋನು ತೋಡಿಗೆ ಬಿತ್ತು. ಅಂಗಡಿಯವರು ಬಿಚ್ಚಿ ನೋಡಿ ಕೈಮುಗಿದರು. ಮೆಮೊರಿ ಕಾರ್ಡ್ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ಇದ್ದದ್ದು ಯಕ್ಷಗಾನದ ಪದಗಳು ಮಾತ್ರ. ಪಟಗಳೆಲ್ಲ ಫೋನಿನ ಹೊಟ್ಟೆಯಲ್ಲಿ. ಆ ಮರಗಳಲ್ಲಿ ಎರಡು ಈಗ ನಾಟಾ ಆಗಿ ಹೋಗಿವೆ, ಕಸಿಕಡ್ಡಿ ತೆಗೆದವರಿಲ್ಲ. ಉಳಿದದ್ದರಲ್ಲಿ ಯಾವುದು ಬಕ್ಕೆ, ಯಾವುದು ತುಳುವ ಅಂತ ಅವರಿಗೇ ಈಗ ಅಂದಾಜು.

ಆ ಕಾಲದ ಫೋನುಗಳ ಜಾಗದ ಕಥೆ ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. 2011ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಫೋನಿನಲ್ಲಿ ನಮಗೆ ಸಿಗುತ್ತಿದ್ದ ಜಾಗ ಸುಮಾರು 180 ಎಂಬಿ. ಇಂದಿನ ಫೋನಿನ ಒಂದೆರಡು ನಿಮಿಷದ ವಿಡಿಯೋಗೇ ಅದು ಸಾಕಾಗಲಿಕ್ಕಿಲ್ಲ. ನಾಲ್ಕು ಆಪ್ ಹಾಕಿದರೆ "ಜಾಗ ಇಲ್ಲ" ಎಂಬ ಬೊಬ್ಬೆ. ಮತ್ತೆ ವಾಟ್ಸಾಪ್ ಬಂತು. ಬೆಳಗಾದರೆ ಹೂವಿನ ಪಟ, ದೇವರ ಪಟ ತಾವಾಗಿ ಇಳಿದು ತುಂಬಿದವು. ಜಾಗ ಮಾಡಲು ಜನ ಅಳಿಸಿದ್ದು ಯಾವುದನ್ನು? ತಮ್ಮದೇ ತೋಟದ ಪಟವನ್ನು! ಶುಭೋದಯದ ಹೂವು ಅಲ್ಲೇ ಉಳಿಯಿತು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಉಂಟು. ಫೋನಿನಿಂದ ಕಾರ್ಡಿಗೆ ದಾಟಿಸಿದರೆ ಜಾಗ ಆಗುತ್ತದೆ, ಸರಿ. ಆದರೆ ಅದು ಬ್ಯಾಕಪ್ ಅಲ್ಲ. ಫೋನಿನಲ್ಲಿದ್ದದ್ದು ಕಾರ್ಡಿಗೆ ಹೋಯಿತು, ಅಷ್ಟೆ. ಇದ್ದದ್ದು ಆಗಲೂ ಒಂದೇ, ಈಗಲೂ ಒಂದೇ. ಕಾರ್ಡು ಕೆಟ್ಟರೆ ಮುಗಿಯಿತು. ಹಿಂದಿನವರಿಗೆ ಇದು ಗೊತ್ತಿತ್ತು. ಬೀಜದ ಭತ್ತವನ್ನು ಮುಡಿ ಕಟ್ಟಿ ಅಟ್ಟದಲ್ಲಿ ಇಡುವುದು ಒಂದು; ಅದೇ ತಳಿ ನೆರೆಮನೆಯಲ್ಲೂ ಇದ್ದರೆ ಧೈರ್ಯ ಇನ್ನೊಂದು. ಒಬ್ಬನ ಗದ್ದೆ ಹೋದರೆ ಇನ್ನೊಬ್ಬನಲ್ಲಿ ಬೀಜ ಕೇಳಬಹುದು. ದೊಡ್ಡವರು ಮಾಡುವುದೂ ಇದನ್ನೇ. ಸಿರಿಯಾದ ಅಲೆಪ್ಪೊ ಹತ್ತಿರ ಇಕಾರ್ಡಾ ಎಂಬ ಒಣಭೂಮಿ ಸಂಶೋಧನಾ ಸಂಸ್ಥೆಯ ಬೀಜ ಭಂಡಾರ ಇತ್ತು. ಯುದ್ಧದಿಂದ ಅಲ್ಲಿ ಕೆಲಸ ಮಾಡಲಿಕ್ಕಾಗದೆ ಹೋಯಿತು. ಅವರು ಬೀಜದ ಇನ್ನೊಂದು ಪಾಲನ್ನು ನಾರ್ವೆಯ ಸ್ವಾಲ್‌ಬಾರ್ಡಿನ ಹಿಮದ ಗುಡ್ಡೆಯೊಳಗೆ ಇಟ್ಟಿದ್ದರು. 2015ರಲ್ಲಿ ಅದನ್ನು ತರಿಸಿ ಪುನಃ ಬಿತ್ತಿದರು. ಎರಡು ಕಡೆ ಇದ್ದದ್ದರಿಂದ ಉಳಿಯಿತು.

ಹಾಗಾದರೆ ಏನು ಮಾಡಬೇಕು? ದೊಡ್ಡ ವಿದ್ಯೆ ಬೇಡ, ನಾನು ಏಳನೇ ಕ್ಲಾಸಿನವ. ಹಳೆ ಫೋನು ಚಾಲು ಆಗುವುದಾದರೆ ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ. 'ಡಿಸಿಐಎಂ' ಎಂಬ ಫೋಲ್ಡರಿನಲ್ಲಿ ಕ್ಯಾಮರಾದ ಪಟ ಇರುತ್ತದೆ. ವಾಟ್ಸಾಪಿನದ್ದು ಬೇರೆ ಫೋಲ್ಡರು. ಎರಡನ್ನೂ ಕಾಪಿ ಮಾಡಿ. ಕಟ್ ಮಾಡಬೇಡಿ, ನಡುವೆ ಕರೆಂಟು ಹೋದರೆ ಎರಡೂ ಕಡೆ ಇಲ್ಲದ ಹಾಗೆ ಆದೀತು. ನಮ್ಮಲ್ಲಿ ಕರೆಂಟಿನ ಸಂಗತಿ ಗೊತ್ತೇ ಉಂಟಲ್ಲ! ಕಂಪ್ಯೂಟರಿನಲ್ಲಿ ತೆರೆದು ನೋಡಿ, ಮತ್ತೆ ಒಂದು ಪೆನ್‌ಡ್ರೈವಿಗೂ ಹಾಕಿ ಬೇರೆ ಮನೆಯಲ್ಲಿಡಿ. ಮಗಳ ಮನೆ, ತಮ್ಮನ ಮನೆ, ಎಲ್ಲಾದರೂ ಆದೀತು. ಸಿಡಿಲು ಎರಡು ಊರಿಗೆ ಒಟ್ಟಿಗೆ ಬಡಿಯಲಿಕ್ಕಿಲ್ಲ.

ಫೋನು ಸತ್ತಿದ್ದರೂ ಕಾರ್ಡು ತೆಗೆದು ಕಾರ್ಡ್ ರೀಡರಿನಲ್ಲಿ ಹಾಕಿ ನೋಡಿ, ಹೆಚ್ಚಾಗಿ ಸಿಗುತ್ತದೆ. 2015ರ ನಂತರದ ಕೆಲವು ಫೋನುಗಳಲ್ಲಿ ಕಾರ್ಡನ್ನೂ ಫೋನಿನ ಒಳಜಾಗದ ಹಾಗೆ ಮಾಡುವ ಕ್ರಮ ಬಂತು. ಹಾಗೆ ಮಾಡಿದ ಕಾರ್ಡು ಬೇರೆ ಕಡೆ ಓದಲು ಬಾರದು. ಆ ಫೋನು ಜೀವ ಇರುವಾಗಲೇ ಪಟ ತೆಗೆಯಬೇಕು.

"ಎಲ್ಲ ಗೂಗಲಿಗೆ ತಾನಾಗಿ ಹೋಗ್ತದೆ ಮಾರಾಯ್ರೆ" ಎನ್ನುವವರಿದ್ದಾರೆ. ಹೋಗುತ್ತದೆ, ನೆಟ್‌ವರ್ಕ್ ಇದ್ದರೆ. ಕೊರೊನಾ ಕಾಲದಲ್ಲಿ ಸುಳ್ಯದ ಕೆಲವು ಊರುಗಳ ಮಕ್ಕಳು ಸಿಗ್ನಲ್ ಹುಡುಕಿ ರಸ್ತೆ ಬದಿಯಲ್ಲಿ, ಗುಡ್ಡೆಯಲ್ಲಿ ಕೂತು ಪಾಠ ಕೇಳಿದ್ದು ಮರೆತು ಹೋಯಿತೇ? ಮತ್ತೆ, ಮೊದಲು ಗೂಗಲ್ ಫೋಟೋಸ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಪಟಗಳನ್ನು ಎಷ್ಟು ಬೇಕಾದರೂ ಧರ್ಮಕ್ಕೆ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಕರ್ಯ ನಿಂತಿತು. ಮೈಲು, ಪಟ ಎಲ್ಲ ಸೇರಿ 15 ಜಿಬಿ, ಹೆಚ್ಚಾದರೆ ಹಣ. ಬೇರೆಯವರ ಅಟ್ಟದಲ್ಲಿ ಇಟ್ಟ ಅಡಿಕೆ ಅದು. ಇಡಿ, ಬೇಡ ಅನ್ನುವುದಿಲ್ಲ. ಅದೊಂದನ್ನೇ ನಂಬಬೇಡಿ. ಪಾಸ್‌ವರ್ಡು ಬೆಂಗಳೂರಿನ ಮಗನಿಗೆ ಮಾತ್ರ ಗೊತ್ತಿದ್ದರೆ ನಿಮ್ಮ ಕೈಗೂ ಬರೆದು ಇಟ್ಟುಕೊಳ್ಳಿ.

ಉಳಿಸಿದ ಪಟಕ್ಕೆ ಹೆಸರಿಲ್ಲದಿದ್ದರೆ ಅದೂ ಕಾಡು. ಫೋಲ್ಡರಿಗೆ ವರ್ಷ, ಜಾಗ ಬರೆಯಿರಿ. ಮರದ ಗುರುತನ್ನು ಒಂದು ನೋಟುಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯಿರಿ. ಸುಳ್ಯ ತಾಲೂಕಿನ ಬಾಳಿಲದ ಕೃಷಿಕರೊಬ್ಬರು 1976ರಿಂದ ಮಳೆ ಅಳೆದು ಬರೆದಿಟ್ಟಿದ್ದಾರೆ. ಆ ಲೆಕ್ಕ ಇಂದೂ ಓದಲಿಕ್ಕೆ ಸಿಗುತ್ತದೆ, ಚಾರ್ಜರ್ ಬೇಡ.

ಒಂದು ಎಚ್ಚರಿಕೆ: ಹಳೆ ಫೋನಿನ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಒಲೆಗಂತೂ ಎಸೆಯಲೇ ಬೇಡಿ. ಅಂಗಡಿಯವರ ಹತ್ತಿರ ಬೇರೆ ಬ್ಯಾಟರಿ ಹಾಕಿಸಿ ಒಮ್ಮೆ ಚಾಲು ಮಾಡಿದರೆ ಸಾಕು, ಪಟ ತೆಗೆಯುವಷ್ಟು ಹೊತ್ತು. ಈ ಕೆಲಸ ಮಳೆ ಹಿಡಿಯುವ ಮೊದಲು ಆಗಲಿ.