ಹೊಸ ಮೋಟಾರು ಸೈಕಲಿನ ಅಲಂಕಾರ

ಮನೆಗೆ ಹೊಸದಾಗಿ ಬಂದ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆಯ ಸರ ಕಟ್ಟುವ ರೂಢಿಯು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ನಡೆದುಬಂದುದು. ಇಂದಿನ ತರುಣರು ಮೋಟಾರು ಸೈಕಲಿಗೆ ಅದೇ ಉಪಚಾರವನ್ನು ಮಾಡುತ್ತಿದ್ದರೆ ಅವರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಆದರೆ ಅಲಂಕಾರದ ನೆಪದಿಂದ ಎತ್ತಿನ ಮೂಗುದಾಣವನ್ನೇ ಬಿಚ್ಚಿ ಎಸೆದ ರೈತನನ್ನು ನಾವು ಈ ವರೆಗೆ ಕಂಡಿಲ್ಲ.

ಕಳೆದ ತಿಂಗಳು ಕಲಬುರಗಿಯ ಅಂಚಿನ ತಾಜಸುಲ್ತಾನಪುರದಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ಅವಳ ಮಗನ ಹೊಸ ಗಾಡಿ ನಿಂತಿದ್ದಿತು; ಕೊಂಡು ಮೂರು ವಾರವಾಗಿತ್ತಷ್ಟೆ. ಅದು 'ಕ್ರೂಸರ್' ಎಂದು ಕರೆಯಲ್ಪಡುವ ಜಾತಿಯದು. ತಗ್ಗಾದ ಆಸನ, ಸವಾರನ ಕಡೆಗೆ ಬಾಗಿಬಂದ ಅಗಲವಾದ ಹ್ಯಾಂಡಲು, ಮುಂದಕ್ಕೆ ಚಾಚುವ ಕಾಲುಗಳು. ಆರಾಮಕುರ್ಚಿಯಲ್ಲಿ ಕುಳಿತವನ ಗತ್ತು. ಅಮೇರಿಕಾ ದೇಶದ ಉದ್ದನೆಯ ನೇರ ರಸ್ತೆಗಳಲ್ಲಿ ಬೆಳೆದ ರೂಪವಿದು. ನಮ್ಮ ದೇಶದಲ್ಲಿ 2020ರಲ್ಲಿ ಹೊರಬಂದ ಮೀಟಿಯಾರ್ ಎಂಬ ಗಾಡಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ ಎಂಜಿನ್ 349 ಸಿ.ಸಿ., ತೂಕ 191 ಕಿಲೋಗ್ರಾಂ, ಆಸನದ ಎತ್ತರ 765 ಮಿಲಿಮೀಟರು ಮಾತ್ರ. ಭಾರವಾದ ಗಾಡಿಯಾದರೂ ನೆಲಕ್ಕೆ ಕಾಲು ಊರಲು ಸುಲಭವಾಗಿರುವುದರಿಂದ ಹೊಸಬರಿಗೆ ಧೈರ್ಯವುಂಟಾಗುತ್ತದೆ.

ಗಾಡಿಯನ್ನು ಸುತ್ತಿ ನೋಡುವಾಗ, ಹಿಂದಿನ ಚಕ್ರಕ್ಕೆ ಮರೆಯಾಗಿ ಇರತಕ್ಕ ಸೀರೆ ಗಾರ್ಡು ನಮ್ಮ ಕಣ್ಣಿಗೆ ಬೀಳಲಿಲ್ಲ.

“ಜಾಲರಿ ಎಲ್ಲಿ ಹೋಯಿತು, ತಮ್ಮಾ?” ಎಂದೆವು.

“ತಗದೀನಿ ಮಾಮಾ. ಅದು ಇದ್ದರ ಮುದುಕರ ಗಾಡಿ ಕಂಡಂಗ ಕಾಣ್ತದ.”

ನಮ್ಮ ತಂಗಿಯು ಏನೂ ಹೇಳದೆ ಒಳಕ್ಕೆ ಹೋಗಿ ಒಂದು ಸೀರೆಯನ್ನು ತಂದು ನಮ್ಮ ಮುಂದೆ ಬಿಚ್ಚಿದಳು. ಸೆರಗಿನಲ್ಲಿ ಒಂದು ಮೊಳದಷ್ಟು ಹರಿದು, ಕರಿಯ ಜಿಡ್ಡು ಹತ್ತಿದ್ದಿತು. ಹಿಂದಿನ ಸೋಮವಾರ ಶರಣಬಸವೇಶ್ವರರ ಗುಡಿಯಿಂದ ಮರಳುವಾಗ ಸೆರಗು ಚಕ್ರಕ್ಕೆ ಸುತ್ತಿಕೊಂಡಿತ್ತಂತೆ. ಗಾಡಿ ಆಗ ತಾನೇ ಹೊರಟಿದ್ದುದರಿಂದ ಬಟ್ಟೆ ಹರಿದುದರಲ್ಲಿಯೇ ಮುಗಿಯಿತು. ಹುಮನಾಬಾದಿನ ರಸ್ತೆಯಲ್ಲಿ ಓಡುವ ವೇಗದಲ್ಲಿ ಅದೇ ಆಗಿದ್ದರೆ ಹರಿಯುತ್ತಿದ್ದುದು ಬಟ್ಟೆಯಲ್ಲ. “ಅಣ್ಣಾ, ಅಂವಗ ಏನೂ ಅನಬ್ಯಾಡ. ಹೊಸಾ ಗಾಡಿ, ಹುಡುಗನ ಹೌಸ” ಎಂದು ಅವಳೇ ಮಗನ ಪಕ್ಷ ವಹಿಸಿದಳು. ತಾಯಂದಿರ ಈ ಸ್ವಭಾವವನ್ನು ವಾಚಕರು ಬಲ್ಲರು. ಹುಡುಗನ ಮುಖ ಮಾತ್ರ ಕೆಳಗಾಗಿತ್ತು. ಸೀರೆ ಹರಿದ ಸಂಗತಿಯನ್ನು ಅವಳು ಅವನಿಗೂ ಆ ವರೆಗೆ ತಿಳಿಸಿರಲಿಲ್ಲವೆಂಬುದು ನಮಗೆ ಆಗ ತಿಳಿಯಿತು.

ಈ ಜಾಲರಿಯು ಮುದುಕರ ಅಭಿರುಚಿಗಾಗಿ ಇಟ್ಟುದಲ್ಲ. ಹಿಂದೆ ಕೂಡುವವರ ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆಯಿರಬೇಕು, ಹಿಡಿದುಕೊಳ್ಳಲು ಹಿಡಿಕೆಯಿರಬೇಕು, ಕಾಲಿಡಲು ಮೆಟ್ಟಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಸ್ಪಷ್ಟವಾಗಿ ವಿಧಿಸಿದೆ. ಮೈಸೂರಿನಲ್ಲಿ 1961ರಿಂದ 1996ರ ವರೆಗೆ ಜಾವಾ, ಎಜ್ಡಿ ಗಾಡಿಗಳು ತಯಾರಾಗುತ್ತಿದ್ದ ಕಾಲದಲ್ಲಿ, ಒಂದೇ ಗಾಡಿಯ ಮೇಲೆ ಹೆಂಡತಿ ಮಕ್ಕಳೊಡನೆ ಜಾತ್ರೆಗೆ ಹೋಗುತ್ತಿದ್ದ ಗೃಹಸ್ಥರನ್ನು ನಾವು ಕಂಡಿದ್ದೇವೆ. ಒರೆಸಿ ಒರೆಸಿ ಟ್ಯಾಂಕಿನ ಬಣ್ಣವನ್ನೇ ಸವೆಯಿಸಿದವರುಂಟು. ಜಾಲರಿಯನ್ನು ಕಳಚಿದವರ ನೆನಪು ನಮಗಿಲ್ಲ.

ಊಟವಾದ ಮೇಲೆ ಹುಡುಗನು ತಾನು ಮಾಡಿಸಬೇಕೆಂದಿದ್ದ ಮಾರ್ಪಾಡುಗಳ ಪಟ್ಟಿಯನ್ನು ತೋರಿಸಿದನು. ಅದರಲ್ಲಿ ಮೊದಲನೆಯದು ಸೈಲೆನ್ಸರು. ಗಾಡಿಯು ಗುಡುಗಿದಂತೆ ಸದ್ದು ಮಾಡಬೇಕೆಂಬುದು ಈ ವಯಸ್ಸಿನ ಸಾಮಾನ್ಯ ಬಯಕೆ. ಅವನಿಗೆ ನಾವು ತಿಳಿಸಿದುದೇನೆಂದರೆ: 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಎಂಬ ನಿಯಮಕ್ಕೆ ಅನುಸಾರವಾದ ಗಾಡಿಗಳೇ ಮಾರಾಟವಾಗುತ್ತಿವೆ. ಇವುಗಳ ಹೊಗೆಯ ನಳಿಗೆಯೊಳಗೆ ವಿಷಾನಿಲವನ್ನು ಶಮನಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇದೆ. ಆ ಅಳತೆಯನ್ನು ನೋಡಿಕೊಂಡು ಎಂಜಿನ್ನಿಗೆ ಎಷ್ಟು ಪೆಟ್ರೋಲು ಬೇಕೆಂಬುದನ್ನು ಗಾಡಿಯೇ ತೀರ್ಮಾನಿಸುತ್ತದೆ. ಇದನ್ನೆಲ್ಲ ತೆಗೆದು ಬರಿಯ ಕೊಳವೆಯನ್ನು ಸಿಕ್ಕಿಸಿದರೆ ಲೆಕ್ಕ ತಪ್ಪಿ, ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದಲ್ಲಿ ಎಂಜಿನ್ ಮಿತಿಮೀರಿ ಕಾಯುತ್ತದೆ. ವೈಶಾಖದಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಕಲಬುರಗಿಯ ಬಿಸಿಲಿಗೆ ಇನ್ನಷ್ಟು ಬೆಂಕಿಯನ್ನು ತೊಡೆಗಳ ನಡುವೆ ಇಟ್ಟುಕೊಳ್ಳುವುದೇಕೆ? ಇದಲ್ಲದೆ, ಸದ್ದು ಹೊಗೆಗಳ ಮಿತಿಯನ್ನು ಮೀರಿದವರಿಗೆ 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ಮೊದಲ ತಪ್ಪಿಗೇ 10,000 ರೂಪಾಯಿಯ ವರೆಗೆ ದಂಡವನ್ನು ಹೇಳುತ್ತದೆ. ಇಂಥ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಲರು ಹಾಯಿಸಿದ ಚಿತ್ರಗಳು ರಾಜ್ಯದ ಹಲವು ಊರುಗಳಿಂದ ಪತ್ರಿಕೆಗಳಲ್ಲಿ ಬಂದಿವೆ.

ಕಾಯಿದೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. ಅದೇ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೊದಲು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಿತು. ವಿಮೆಯವರಿಗೆ ತಿಳಿಸದೆ ಹಾಕಿಸಿದ ಬೆಲೆಯುಳ್ಳ ಸಾಮಾನು ಅಪಘಾತದಲ್ಲಿ ಹಾಳಾದರೆ ಪರಿಹಾರವೂ ಕೈಗೆ ಬಾರದು.

ಹಾಗಾದರೆ ಏನನ್ನೂ ಮಾಡಬಾರದೆ? ಮಾಡಬೇಕಾದುದು ಬೇಕಾದಷ್ಟಿದೆ, ಕೆಲವಕ್ಕೆ ಕಾಸಿನ ಖರ್ಚೂ ಇಲ್ಲ. ಹುಡುಗನ ಗಾಡಿಯ ಹಿಂದಿನ ಸ್ಪ್ರಿಂಗುಗಳ ಬುಡದಲ್ಲಿ ಮೆಟ್ಟಿಲುಗಳುಳ್ಳ ಬಳೆಯೊಂದಿದೆ. ಗಾಡಿಯೊಡನೆ ಬಂದ ಕೊಕ್ಕೆಯಂಥ ಸ್ಪ್ಯಾನರಿನಿಂದ ಅದನ್ನು ತಿರುವಿದರೆ ಸ್ಪ್ರಿಂಗು ಮೊದಲೇ ಬಿಗಿಯಾಗಿ, ಇಬ್ಬರ ಭಾರವನ್ನು ಕುಸಿಯದೆ ತಡೆಯುತ್ತದೆ. ಮಾರಿದವರು ಒಬ್ಬ ಸವಾರನಿಗೆ ತಕ್ಕಂತೆ ಇಟ್ಟುಕೊಟ್ಟಿದ್ದರು. ತಾಯಿಯನ್ನು ಕೂಡಿಸಿಕೊಂಡಾಗಲೆಲ್ಲ ತಗ್ಗು ಬಂದಲ್ಲಿ ಅವಳ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಇರುವುದರಿಂದ ಸವಾರನೂ ತಗ್ಗಿನಲ್ಲಿ ಕಾಲೂರಿ ಮೈಯನ್ನು ಎತ್ತಲಾರನು, ಏಟೆಲ್ಲ ಬೆನ್ನುಹುರಿಗೇ. ಎರೆಯ ಭೂಮಿಯ ಮೇಲಿನ ರಸ್ತೆಗಳು ಮಳೆಗಾಲವಾದ ಮೇಲೆ ಹೇಗಿರುತ್ತವೆಂಬುದನ್ನು ಈ ಭಾಗದವರಿಗೆ ನಾವು ವರ್ಣಿಸಬೇಕಾಗಿಲ್ಲ. ಹಿಂಭಾಗ ಕುಸಿದರೆ ಮುಂದಿನ ದೀಪವು ಮೇಲಕ್ಕೆದ್ದು ಎದುರಿನವರ ಕಣ್ಣಿಗೆ ಹೊಡೆಯುವುದರಿಂದ ಅದನ್ನೂ ಸರಿಮಾಡಬೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ತಣ್ಣಗಿರುವಾಗಲೇ ಅಳೆಯಿಸಬೇಕು. ಇಬ್ಬರಿಗೆ ಬೇಕಾದ ಪ್ರಮಾಣವು ಬೇರೆ.

ಹಣ ವೆಚ್ಚ ಮಾಡುವುದಾದರೆ ಮೊದಲು ತಾಯಿಗೊಂದು ಐ.ಎಸ್.ಐ. ಗುರುತಿನ ಹೆಲ್ಮೆಟ್ಟು, ಆಮೇಲೆ ಬೆನ್ನಿಗೆ ಒರಗು, ಅಗಲವಾದ ಹಿಂದಿನ ಆಸನ ಎಂದು ನಾವು ಅವನ ಪಟ್ಟಿಯನ್ನು ತಿದ್ದಿದೆವು. ಹೆಚ್ಚಿನ ದೀಪಗಳನ್ನು ಹೊಡೆದುಹಾಕಿದೆವು. ಒಂದು ತಂತಿಯ ಸಿಪ್ಪೆ ಸುಲಿದು ಇನ್ನೊಂದನ್ನು ಸುತ್ತುವ ಬೀದಿಯ ಕೆಲಸದಿಂದ ಹೊಸ ಗಾಡಿಯ ವೈರಿಂಗು ಕೆಡುವುದನ್ನು ಕಂಡಿದ್ದೇವೆ. ಹ್ಯಾಂಡಲಿನ ವಿಷಯದಲ್ಲಿ ಅವನೂ ನಾವೂ ಒಪ್ಪಲಿಲ್ಲ. ಸಾವಿರ ಕಿಲೋಮೀಟರು ಓಡಿಸಿದ ಮೇಲೆಯೂ ಭುಜ ನೋಯುತ್ತಿದ್ದರೆ ಆಗ ವಿಚಾರ ಮಾಡೋಣವೆಂದು ಅದನ್ನು ಮುಂದಕ್ಕೆ ಹಾಕಿದೆವು.

ಜಾಲರಿಯು ತೊಗರಿಯ ಚೀಲಗಳ ಹಿಂದೆ ಸಿಕ್ಕಿತು. ನಟ್ಟುಗಳಲ್ಲಿ ಎರಡು ಕಳೆದುಹೋಗಿದ್ದುದರಿಂದ ಸಂಜೆ ಪೇಟೆಗೆ ಹೋಗಿ ತರಬೇಕಾಯಿತು. ಮೊನ್ನೆ ತಂಗಿಯಿಂದ ಸುದ್ದಿ ಬಂದಿದೆ: ಮಗನ ಹಿಂದೆ ಕುಳಿತು ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಯ ಹಣ್ಣನ್ನು ತಂದಳಂತೆ. ಬೆನ್ನು ನೋಯಲಿಲ್ಲವಂತೆ. ಕೈಚೀಲದಲ್ಲಿದ್ದ ಹಣ್ಣು ಮಾತ್ರ ಅರ್ಧಕ್ಕರ್ಧ ಜಜ್ಜಿಹೋಗಿ, ಗಾಡಿಗೆ ಪಕ್ಕದ ಪೆಟ್ಟಿಗೆಯೊಂದನ್ನು ಹಾಕಿಸಲೇಬೇಕೆಂದು ಈಗ ಅವಳೇ ಹಟ ಹಿಡಿದಿದ್ದಾಳೆ.