ಉಪಗ್ರಹದ ಶಕ್ತಿ ಯಾರಿಗೆ ಮೊದಲು?

2018ರ ಡಿಸೆಂಬರ್‌ನಲ್ಲಿ ಉಡಾವಣೆಯಾದ ಇಸ್ರೊದ ಜಿಸ್ಯಾಟ್-11 ಸಂವಹನ ಉಪಗ್ರಹದ ತೂಕ 5,854 ಕಿಲೊ. ಅಷ್ಟು ದೊಡ್ಡ ಉಪಗ್ರಹಕ್ಕೂ ಸೌರಫಲಕ ಕೊಟ್ಟಷ್ಟೇ ವಿದ್ಯುತ್. ಒಂದೆಡೆ ಜೋರು ಮಳೆ ಸುರಿದು ಸಂಕೇತ ಸೊರಗಿದರೆ ಹೊಸ ಪೀಳಿಗೆಯ ಉಪಗ್ರಹಗಳು ಅಲ್ಲಿಗೆ ಹೆಚ್ಚು ಶಕ್ತಿ ಹರಿಸಬಲ್ಲವು. ಆದರೆ ಅದು ಇನ್ನೊಂದು ಪ್ರದೇಶದ ಪಾಲಿನಿಂದಲೇ ಬರಬೇಕು. ಹೀಗಿರುವಾಗ ಬಂದವರಿಗೆಲ್ಲ ಸಂಪರ್ಕ ಕೊಡುವುದು ಔದಾರ್ಯವಲ್ಲ. ಹಾಗೆ ಕೊಟ್ಟರೆ ಎಲ್ಲರ ಇಂಟರ್ನೆಟ್ಟೂ ತೆವಳುತ್ತದೆ, ಪ್ರವಾಹದಲ್ಲಿ ಸಿಕ್ಕಿಕೊಂಡವರ ಕರೆಯೂ ಕಡಿದುಹೋಗುತ್ತದೆ. ಯಾರನ್ನು ಯಾವಾಗ ಕಾಯಿಸಬೇಕೆಂಬ ನಿಯಮ ಬೇಕು, ಅದು ಬಹಿರಂಗವಾಗಿಯೂ ಇರಬೇಕು. ಹೆಚ್ಚು ಹಣ ಕೊಟ್ಟವರಿಗೇ ಆದ್ಯತೆ ಸಿಗಲಿ, ಹಾಕಿದ ಬಂಡವಾಳ ಮರಳಬೇಡವೇ ಎಂಬ ವಾದವಿದೆ. ಮಾಮೂಲಿ ದಿನಗಳಲ್ಲಿ ಹಾಗೆಯೇ ನಡೆಯಲಿ. ಆದರೆ ಈ ಸಂಕೇತಗಳು ಸಾಗುವ ತರಂಗಾಂತರ ಸಾರ್ವಜನಿಕ ಸ್ವತ್ತು. ವಿಪತ್ತಿನ ಹೊತ್ತಿನಲ್ಲಿ ಆಸ್ಪತ್ರೆ, ರಕ್ಷಣಾ ತಂಡ, ನಡುಗಡಲಿನ ಮೀನುಗಾರರ ಕರೆಯೇ ಮೊದಲು ಎಂಬ ಷರತ್ತನ್ನು ಸರ್ಕಾರ ಉಪಗ್ರಹ ಸೇವೆಯ ಪರವಾನಗಿಯಲ್ಲೇ ಬರೆಯಬೇಕು.