ಗಾಡಿ ಕುಂಯ್‌ಗುಟ್ಟಿದರೆ ಹಾಡಿನ ದನಿ ಏರಿಸುವುದೇ?

ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರದ ಕಡೆ ಹೊರಟ ಕ್ರೂಸರ್ ಗಾಡಿಗಳಲ್ಲಿ ಕೂತವರಿಗೆ ಆ ಸಪ್ಪಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ವೇಗ ಹಿಡಿದಂತೆ ಕೆಳಗೆಲ್ಲೋ 'ಕುಂಯ್' ಎಂದು ಸಣ್ಣಗೆ ಶುರುವಾಗಿ, 50 ದಾಟುವ ಹೊತ್ತಿಗೆ ಹಲ್ಲು ಜುಮ್ಮೆನ್ನುವಷ್ಟು ಏರುತ್ತದೆ. ಕೇಳಿದರೆ ಡ್ರೈವರ್ ಸಾಹೇಬರ ಉತ್ತರ ಸಿದ್ಧ: "ಏನಿಲ್ರಿ ಅಣ್ಣಾ, ಹಳೇ ಗಾಡಿ ಅದ, ಸಪ್ಪಳ ಮಾಡ್ತದ. ಆರಾಮ ಕುಂದ್ರಿ." ಅಷ್ಟು ಹೇಳಿ ಹಾಡಿನ ದನಿ ಇನ್ನೊಂದಿಷ್ಟು ಏರಿಸುತ್ತಾರೆ. ರೋಗಕ್ಕೆ ಮದ್ದಾಯಿತು!

ಸ್ವಂತ ಕಾರಿನ ಸಾವಕಾರರೂ ಕಡಿಮೆಯಿಲ್ಲ. ತಕ್ಕಡಿ ಕೂದಲೆಳೆಯಷ್ಟು ವಾಲಿದರೆ ಗುರುತಿಸುವ ಕಣ್ಣು ಅವರದು. ತಮ್ಮದೇ ಕಾರಿನ ದನಿ ಬದಲಾದದ್ದು ಮಾತ್ರ ಆರು ತಿಂಗಳು ಕಿವಿಗೆ ಬೀಳದು. ಕೊನೆಗೆ ಮಿಸ್ತ್ರಿಯ ಹತ್ತಿರ ಒಯ್ದರೆ ಅಂದಾಜಿನ ಆಟ ಶುರು. ಮೊದಲು ಬೆಲ್ಟ್ ಹೋಯಿತು, ಆಮೇಲೆ ಆಲ್ಟರ್ನೇಟರ್, ಆಮೇಲೆ ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಹರಡಿದರು. ಬಿಲ್ಲು ಬೆಳೆಯಿತು, ಕುಂಯ್ ಅಲ್ಲೇ ಉಳಿಯಿತು.

ಹಾಗಾದರೆ ಹುಡುಕುವುದು ಅಷ್ಟು ಕಷ್ಟವೇ? ಕಷ್ಟವಲ್ಲ, ವ್ಯವಧಾನ ಬೇಕು. ಮೊದಲು ಕೇಳಬೇಕಾದ ಪ್ರಶ್ನೆ 'ಎಲ್ಲಿ' ಎಂಬುದಲ್ಲ, 'ಯಾವಾಗ' ಎಂಬುದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ತುಳಿಯಿರಿ. ನಿಂತಲ್ಲೇ ಕೂಗು ಏರಿದರೆ ಹೆಚ್ಚಾಗಿ ದೋಷ ಇಂಜಿನ್ನಿನ ಬೆಲ್ಟ್ ತಿರುಗಿಸುವ ಸಾಮಾನುಗಳಲ್ಲಿ: ಆಲ್ಟರ್ನೇಟರ್, ವಾಟರ್ ಪಂಪ್, ಸ್ಟೀರಿಂಗ್ ಪಂಪ್. ನಿಂತಾಗ ಸುಮ್ಮನಿದ್ದು ಓಡುವಾಗ ಮಾತ್ರ ಕೂಗಿದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಇಲ್ಲವೇ ಗಾಲಿಯ ಬೇರಿಂಗ್ ನೋಡಬೇಕು. ಇಷ್ಟಕ್ಕೇ ಅರ್ಧ ಗಾಡಿ ಬಿಚ್ಚುವುದು ತಪ್ಪಿತು.

ಸ್ಟೀರಿಂಗ್ ಪೂರ್ತಿ ತಿರುವಿದಾಗ ಕೂಗು ಹೆಚ್ಚಿದರೆ ಅದರ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಎಣ್ಣೆ ತಳ ಕಂಡಿದೆಯೋ, ನೊರೆ ಬಂದಿದೆಯೋ? ನೊರೆ ಎಂದರೆ ಪಂಪು ಗಾಳಿ ಎಳೆಯುತ್ತಿದೆ. ಆ ಎಣ್ಣೆ ಉರಿದು ಹೋಗುವಂಥದ್ದಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು. ಸೋರುವ ಪೈಪು ಬಿಟ್ಟು ಬರೀ ಎಣ್ಣೆ ಸುರಿದರೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. (ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಕರೆಂಟಿನ ಸ್ಟೀರಿಂಗ್, ಅಲ್ಲಿ ಈ ಎಣ್ಣೆಯೇ ಇಲ್ಲ. "ಸ್ಟೀರಿಂಗ್ ಎಣ್ಣಿ ಹಾಕೀವ್ರಿ" ಎಂದು ಬಿಲ್ಲು ಕೊಟ್ಟರೆ ಡಬ್ಬಿ ಎಲ್ಲೈತಿ ತೋರಿಸಪ್ಪಾ ಅನ್ನಿ.) ಬೆಲ್ಟಿನ ಮೇಲೆ ಅನುಮಾನವೇ? ನಾಲ್ಕು ಹನಿ ನೀರು ಚಿಮುಕಿಸಿದಾಗ ದನಿ ಬದಲಾದರೆ ದೋಷ ಬೆಲ್ಟಿನ ಸುತ್ತಲೇ. ಬದಲಾಗದಿದ್ದರೆ ಇಂಜಿನ್ ಬಂದ್ ಮಾಡಿ, ಬೆಲ್ಟ್ ತೆಗೆದು, ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಲಿ. ಗರಗರ ಎಂದದ್ದೇ ಕಳ್ಳ. ಇಂಜಿನ್ ನಡೆಯುವಾಗ ಹೆಗಲ ಮೇಲಿನ ಟವೆಲ್ ಮಾತ್ರ ದೂರ ಇರಲಿ.

ಓಡುವಾಗಿನ ಕೂಗಿಗೂ ಲೆಕ್ಕವಿದೆ. ಒಂದೇ ಗೇರಿನಲ್ಲಿ ಬಂದರೆ ಗೇರ್‌ಬಾಕ್ಸ್. ಕಾಲು ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ಎಂದರೆ ಕ್ರೌನ್-ಪಿನಿಯನ್ ಕಡೆ ಅನುಮಾನ. ಇಲ್ಲೆಲ್ಲ ಬಿಚ್ಚುವ ಮುಂಚೆ ಎಣ್ಣೆ ನೋಡುವುದು ಧರ್ಮ. ಎರಡಕ್ಕೂ ಒಂದೇ ಡಬ್ಬಿಯ ಎಣ್ಣೆ ಸುರಿಯುವುದೂ ಸರಿಯಲ್ಲ: ಹಿಂದಿನ ಆಕ್ಸಲ್ಲಿಗೆ ಸಾಮಾನ್ಯವಾಗಿ ಬೇಕಾಗುವ ಜಿಎಲ್-5 ಎಣ್ಣೆ, ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆ ರಿಂಗುಗಳನ್ನು ತಿನ್ನಬಲ್ಲದು. ರಿವರ್ಸ್‌ನಲ್ಲಿ ಮಾತ್ರ ಕುಂಯ್ ಎಂದರೆ ಹೆದರಬೇಡಿ. ಬಹಳಷ್ಟು ಗಾಡಿಗಳಲ್ಲಿ ಆ ಗೇರಿನ ಹಲ್ಲು ನೇರ, ಅದು ಹುಟ್ಟಾ ಹಾಗೇ.

ಭಯಪಡಬೇಕಾದದ್ದು ಗಾಲಿಯ ಬೇರಿಂಗಿಗೆ. ನ್ಯೂಟ್ರಲ್‌ಗೆ ತಂದರೂ ಗಾಡಿ ಉರುಳುವಷ್ಟು ಹೊತ್ತು ಅದರ ಗುಂಯ್ ನಿಲ್ಲುವುದಿಲ್ಲ. ಎಡಕ್ಕೆ ವಾಲಿದಾಗ ದನಿ ಏರಿದರೆ ಹೆಚ್ಚಾಗಿ ಬಲಗಾಲಿಯದು, ಯಾಕೆಂದರೆ ಭಾರ ಬಲಕ್ಕೆ ಬೀಳುತ್ತದೆ. ನಮ್ಮ ಕಡೆ ಇದು ಬೇಗ ಹೋಗುವುದಕ್ಕೆ ಕಾರಣ ಹುಡುಕಬೇಕಿಲ್ಲ. ಕೃಷ್ಣಾ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತದ ಗದ್ದೆ. ಮಳೆಗಾಲದಲ್ಲಿ ಎರೆ ಮಣ್ಣಿನ ರಾಡಿ, ಬೇಸಿಗೆಯಲ್ಲಿ ಅದರದೇ ಧೂಳು. ಸೀಲ್ ಸವೆದರೆ ನೀರು ಒಳಗೆ, ಗ್ರೀಸ್ ಹೊರಗೆ. ಮೇಲೆ ಮಂದಿಯ ಭಾರ. ತೂಕ ಇಮ್ಮಡಿಯಾದರೆ ಬಾಲ್ ಬೇರಿಂಗಿನ ಆಯುಷ್ಯ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಕುರಿ ತುಂಬಿದಂತೆ ತುಂಬುವ ಮಾಲೀಕರು ಈ ಎಂಟರ ಮಗ್ಗಿ ಕಲಿತರೆ ಒಳಿತು. ಕೂಗುವ ಬೇರಿಂಗ್ ಒಂದು ದಿನ ಕೂಗು ನಿಲ್ಲಿಸಿ ಗಾಲಿಯನ್ನೇ ಬಿಗಿಹಿಡಿದೀತು, ಇಲ್ಲವೇ ಗಾಲಿಯನ್ನೇ ಕಳಚಿ ಬಿಟ್ಟೀತು.

ಇದರಲ್ಲಿ ಮಿಸ್ತ್ರಿಗಳನ್ನಷ್ಟೇ ಬೈದರೆ ಅನ್ಯಾಯ. ಮಿಸ್ತ್ರಿ ಕಾರು ಹತ್ತಿ ಭೀಮರಾಯನಗುಡಿ ತನಕ ಹೋಗಿಬಂದು, ಕಿವಿಗೊಟ್ಟು ಕೇಳಿ, "ಬರೇ ಎಣ್ಣಿ ಕಮ್ಮಿ ಆಗ್ಯಾದ್ರಿ ಸಾವ್ಕಾರ್ರ" ಎಂದರೆ ಗಿರಾಕಿ ಏನು ಕೊಡುತ್ತಾನೆ? "ನೋಡಿದ್ದಕ್ಕ ಯಾಕ ರೊಕ್ಕ?" ಎನ್ನುತ್ತಾನೆ. ಡಾಕ್ಟರಿಗೆ ನಾಡಿ ಹಿಡಿದದ್ದಕ್ಕೇ ಫೀಜು ಕೊಡುವ ಮಂದಿ, ಮಿಸ್ತ್ರಿಗೆ ಮಾತ್ರ ಸಾಮಾನು ಬದಲಿಸಿದರಷ್ಟೇ ಕೂಲಿ ಎಂದರೆ, ಅವನು ಸಾಮಾನು ಬದಲಿಸದೆ ಇನ್ನೇನು ಮಾಡಬೇಕು? ಹುಡುಕುವ ಕೂಲಿ ಇಷ್ಟು ಎಂದು ಗ್ಯಾರೇಜಿನ ಬೋರ್ಡಿನ ಮೇಲೇ ಬರೆಯಲಿ. ಗಿರಾಕಿ ತಕರಾರಿಲ್ಲದೆ ಕೊಡಲಿ, ಬಿಚ್ಚಿದ ಹಳೇ ಸಾಮಾನು ಮರಳಿ ಕೇಳಲಿ.

ಇನ್ನು ಬಾಡಿಗೆ ಗಾಡಿಗಳ ಮಾತು. 8 ವರ್ಷ ದಾಟಿದ ಬಾಡಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟು ಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಆದರೆ ಸರ್ಟಿಫಿಕೇಟು ವರ್ಷಕ್ಕೊಂದು ದಿನದ್ದು, ಗಾಲಿ ದಿನಾಲೂ ತಿರುಗುವಂಥದ್ದು. ಹತ್ತಿ ಹಂಗಾಮು ಶುರುವಾಗುವ ಮುಂಚೆ ಕೆಎ-33ರ ಕ್ರೂಸರ್ ಮಾಲೀಕರು ಗಾಡಿಗೆ ಜಾಕ್ ಹಚ್ಚಿ, ಹಿಂದೆ ಕಲ್ಲು ಇಟ್ಟು, ಒಂದೊಂದು ಗಾಲಿಯನ್ನೂ ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಲಿ. ಹತ್ತು ನಿಮಿಷದ ಕೆಲಸ. ಕಟಕಟ ಆಡಿದರೆ ಅಂದಿನ ಟ್ರಿಪ್ಪು ಬಂದ್.